ಕಾಲರಿಗೆ ಸಿಕ್ಕಿಸಿದ ಕನ್ನಡಕ

ಹೊಸದಾಗಿ ಸೈಕಲ್ ತಗೊಂಡವರು ನನ್ನನ್ನು ಕೇಳುವ ಪ್ರಶ್ನೆಗಳು ಮೂರು. ಯಾವ ಸೈಕಲ್ಲು? ಯಾವ ಹೆಲ್ಮೆಟ್ಟು? ಆ ಪ್ಯಾಡ್ ಇರೋ ಚಡ್ಡಿ ನಿಜವಾಗ್ಲೂ ಬೇಕಾ? ಕನ್ನಡಕದ ಬಗ್ಗೆ ಯಾರೂ ಕೇಳೋದಿಲ್ಲ. ಅದು ಎಲ್ಲರಿಗೂ ಗೊತ್ತಿರುವ ವಿದ್ಯೆ. ಕನ್ನಡಿ ಮುಂದೆ ನಿಂತು ಹಾಕ್ಕೊಂಡು ನೋಡೋದು, ಮುಖಕ್ಕೆ ಒಪ್ಪಿದರೆ ದುಡ್ಡು ಕೊಡೋದು. ನಾನೂ ಹಾಗೇ ಆರಿಸಿದ್ದು. ಹಾಗೆ ಆರಿಸಿದ್ದರಿಂದಲೇ 2022ರ ಜನವರಿಯ ಒಂದು ಬೆಳಿಗ್ಗೆ ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಯ ಬೆಂಚಿನ ಮೇಲೆ ಬಲಗಣ್ಣಿಗೆ ಕರ್ಚೀಫು ಹಿಡಿದು ಕೂತಿದ್ದೆ. ಪಕ್ಕದಲ್ಲಿ ಅಪ್ಪ. ಅಪ್ಪನಿಗೆ ಕಾಣೋದೇ ಒಂದು ಕಣ್ಣು. ಇಬ್ಬರಿಗೂ ಸೇರಿ ಅವತ್ತು ಕೆಲಸ ಮಾಡುತ್ತಿದ್ದದ್ದು ಎರಡೇ ಕಣ್ಣು.

ಮೊದಲಿಂದ ಹೇಳ್ತೀನಿ.

ನಮ್ಮದು ಹಳಿಯಾಳದ ಹತ್ತಿರ ಒಂದು ಹಳ್ಳಿ. ಉತ್ತರ ಕನ್ನಡ ಅಂದಕೂಡಲೇ ನಿಮಗೆ ಕಾರವಾರ, ಗೋಕರ್ಣ, ಸಮುದ್ರ, ಮೀನು ಊಟ ನೆನಪಾಗಬಹುದು. ನಮ್ಮದು ಘಟ್ಟದ ಮೇಲಿನ ಉತ್ತರ ಕನ್ನಡ. ನಮಗೆ ಸಂತೆಗೆ, ಆಸ್ಪತ್ರೆಗೆ, ಮದುವೆ ಜವಳಿಗೆ ಹತ್ತಿರ ಧಾರವಾಡ, ಹುಬ್ಬಳ್ಳಿ. ಕೊರೋನಾ ಬಂದು ಆಫೀಸು ಲ್ಯಾಪ್‌ಟಾಪಿನೊಳಗೆ ಸೇರಿಕೊಂಡಾಗ ಬೆಂಗಳೂರಿನ ಬಾಡಿಗೆ ಮನೆ ಬಿಟ್ಟು ಊರಿಗೆ ಬಂದೆ. ಮೂರು ತಿಂಗಳಲ್ಲಿ ಹೊಟ್ಟೆ ಬಂತು. ನಾಲ್ಕನೇ ತಿಂಗಳು ಸೈಕಲ್ ಬಂತು.

ಸೈಕಲ್ ಓಡಿಸೋಕೆ ನಮ್ಮ ಕಡೆಯಷ್ಟು ಚೆಂದದ ರಸ್ತೆ ನಾನು ಬೇರೆಲ್ಲೂ ನೋಡಿಲ್ಲ. ಹಳಿಯಾಳದ ಸುತ್ತ ಬಯಲು: ಭತ್ತ, ಕಬ್ಬು, ಹತ್ತಿ, ಗೋವಿನಜೋಳ. ದಾಂಡೇಲಿ ಕಡೆ ತಿರುಗಿದರೆ ಒಂದಷ್ಟು ದೂರ ಗದ್ದೆ, ಆಮೇಲೆ ಸಾಗವಾನಿ ಮರಗಳು ಎರಡೂ ಕಡೆಯಿಂದ ಬಂದು ರಸ್ತೆಯನ್ನು ಮುಚ್ಚುತ್ತವೆ. ದಾಂಡೇಲಿಯಿಂದ ಗಣೇಶಗುಡಿ, ಸೂಪಾ ಅಣೆಕಟ್ಟು, ಅಲ್ಲಿಂದ ಮೇಲೆ ಜೋಯಿಡಾ. ಇದು ಪೂರ್ತಿ ಕಾಡು. 2015ರಲ್ಲಿ ‘ಕಾಳಿ ಹುಲಿ ಸಂರಕ್ಷಿತ ಪ್ರದೇಶ’ ಅಂತ ಹೆಸರು ಬದಲಿಸಿಕೊಂಡ ಕಾಡಿನ ಅಂಚು. ಬಿದಿರು ರಸ್ತೆಗೆ ಬಾಗಿರುತ್ತೆ, ಮಧ್ಯಾಹ್ನವೂ ನೆರಳು. ಇನ್ನೊಂದು ದಿಕ್ಕಿಗೆ, ಕಲಘಟಗಿ ಮೇಲೆ ಹಾದು ಹೋದರೆ ಮುಂಡಗೋಡ. 1966ರಿಂದ ಟಿಬೆಟಿಯನ್ನರು ನೆಲೆಸಿರುವ ಕ್ಯಾಂಪುಗಳು, ಬಂಗಾರದ ಬಣ್ಣದ ಮಠಗಳು, ಅವುಗಳ ಸುತ್ತ ಮತ್ತೆ ಗೋವಿನಜೋಳದ ಬಯಲು, ನೆತ್ತಿ ಸುಡುವ ಬಿಸಿಲು.

ಅಂದರೆ ನಾಲ್ಕು ತಾಲೂಕು, ನಾಲ್ಕು ಥರದ ಬೆಳಕು. ಈ ಮಾತು ಈಗ ಸಲೀಸಾಗಿ ಬರೆಯುತ್ತಿದ್ದೀನಿ. ಕನ್ನಡಕ ತಗೊಳ್ಳುವಾಗ ಇದು ತಲೆಗೆ ಹೊಳೆದೇ ಇರಲಿಲ್ಲ.

ನಾನು ತಗೊಂಡದ್ದು ಆನ್‌ಲೈನಲ್ಲಿ. ಕಪ್ಪು ಫ್ರೇಮು, ಹೊರಗಡೆ ನೀಲಿ ಕನ್ನಡಿ ಥರ ಹೊಳೆಯುವ ಗಾಜು, ‘ಪೋಲರೈಸ್ಡ್’ ಅಂತ ಚಿನ್ನದ ಬಣ್ಣದ ಸ್ಟಿಕ್ಕರು. ಬೆಲೆ ಎರಡು ಸಾವಿರದ ನಾನೂರು. ಮನೆಯಲ್ಲಿ ಎಂಟುನೂರು ಅಂತ ಹೇಳಿದೆ. ಅವ್ವ, “ಎಂಟ್ನೂರಾ! ಪೊಲೀಸ ಸಾಹೇಬ ಕಂಡಂಗ ಕಾಣ್ತಿ ನೋಡು” ಅಂದಳು. ಅಪ್ಪ ಅದನ್ನು ಕೈಯಲ್ಲಿ ತಗೊಂಡು, ಎರಡೂ ಬದಿ ತಿರುಗಿಸಿ ನೋಡಿ, “ಬಾಜೂ ತೆರದೇ ಐತಲ್ಲೋ ಇದು” ಅಂದ. ಪಕ್ಕದಲ್ಲಿ ಮುಚ್ಚಿಲ್ಲ ಅಂತ. ಅಪ್ಪನಿಗೆ ಸ್ಟೈಲ್ ಏನು ಗೊತ್ತು ಅಂತ ನಾನು ನಕ್ಕುಬಿಟ್ಟೆ.

ಆ ಕನ್ನಡಕ ಬಯಲಿನಲ್ಲಿ ಚೆನ್ನಾಗೇ ಇತ್ತು. ಕಣ್ಣಿಗೆ ತಂಪು, ಫೋಟೋಗೆ ಚೆಂದ. ತಕರಾರು ಶುರುವಾಗುತ್ತಿದ್ದದ್ದು ದಾಂಡೇಲಿ ರಸ್ತೆಯಲ್ಲಿ ಮರಗಳು ಬಂದ ಮೇಲೆ. ಬಿಸಿಲಿನಿಂದ ನೆರಳಿಗೆ ನುಗ್ಗಿದ ಕೂಡಲೇ ಎಲ್ಲಾ ಕತ್ತಲೆ. ರಸ್ತೆಯ ಮೇಲಿರೋದು ಎಲೆಯ ನೆರಳೋ, ಗುಂಡಿಯೋ ಗೊತ್ತಾಗುತ್ತಿರಲಿಲ್ಲ. ಗಂಟೆಗೆ 25 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ ಸುಮಾರು 7 ಮೀಟರ್. ಎರಡು ಸೆಕೆಂಡು ಕಣ್ಣು ಕುರುಡಾದರೆ 14 ಮೀಟರ್ ರಸ್ತೆ ದೇವರ ಮೇಲೆ ಭಾರ ಹಾಕಿ ಹೋದಂಗೆ. ಹಾಗಾಗಿ ನಾನೊಂದು ಅಭ್ಯಾಸ ಮಾಡಿಕೊಂಡೆ. ಕಾಡು ಬಂದ ಕೂಡಲೇ ಕನ್ನಡಕ ತೆಗೆದು ಟೀ ಶರ್ಟಿನ ಕಾಲರಿಗೆ ಸಿಕ್ಕಿಸೋದು. ಕಾಡು ಮುಗಿದ ಮೇಲೆ ಮತ್ತೆ ಹಾಕ್ಕೊಳ್ಳೋದು. ಮರೆಯೋದೂ ಇತ್ತು. ಎಷ್ಟೋ ಸಲ ಮನೆ ಮುಟ್ಟಿದಾಗಲೂ ಅದು ಕಾಲರಿನಲ್ಲೇ ಇರುತ್ತಿತ್ತು.

ಅವತ್ತೂ ಅಲ್ಲೇ ಇತ್ತು.

ಜನವರಿ ಅಂದರೆ ನಮ್ಮಲ್ಲಿ ಕಬ್ಬಿನ ಹಂಗಾಮು. ಹಳಿಯಾಳದ ಸಕ್ಕರೆ ಕಾರ್ಖಾನೆಗೆ ಹಗಲೂ ರಾತ್ರಿ ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ಒಂದೊಂದಕ್ಕೂ ಎರಡೆರಡು ಟ್ರೇಲರು, ಅದರ ಮೇಲೆ ಮನೆ ಎತ್ತರ ಕಬ್ಬು, ಮುಂದೆ ಕಿವಿ ಕಿತ್ತುಹೋಗುವ ಹಾಗೆ ಹಾಡು. ದಾಂಡೇಲಿ ಕಡೆಯಿಂದ ವಾಪಸ್ ಬರುತ್ತಿದ್ದವನು ಅಂಥ ಒಂದು ಗಾಡಿಯ ಹಿಂದೆ ಸಿಕ್ಕಿಕೊಂಡೆ. ಹಿಂದೆ ಇದ್ದರೆ ಗಾಳಿ ತಗಲೋದಿಲ್ಲ, ಕಾಲಿಗೆ ಆರಾಮ. ಹಂಗಾಗಿ ಓವರ್‌ಟೇಕ್ ಮಾಡದೆ ಅದರ ಬೆನ್ನಿಗೇ ಅಂಟಿಕೊಂಡು ಬಂದೆ. ಒಂದು ಕಡೆ ಗಾಡಿ ಗುಂಡಿಗೆ ಬಿದ್ದು ಎದ್ದಿತು. ಮೇಲಿಂದ ಒಣಗಿದ ರವದಿ ಉದುರಿತು. ಟಪ್ ಅಂತ ಬಲಗಣ್ಣಿಗೆ ಏನೋ ಬಡಿಯಿತು.

ಸೈಕಲ್ ಬೀಳಲಿಲ್ಲ. ಬದಿಗೆ ನಿಲ್ಲಿಸಿ ಬಾಟಲಿಯ ನೀರನ್ನೆಲ್ಲ ಕಣ್ಣಿಗೆ ಸುರಿದುಕೊಂಡೆ. ಉಜ್ಜಬಾರದು ಅಂತ ಗೊತ್ತಿದ್ದೂ ಉಜ್ಜಿದೆ. ಒಂದೇ ಕಣ್ಣಲ್ಲಿ ಹನ್ನೊಂದು ಕಿಲೋಮೀಟರ್ ಓಡಿಸಿಕೊಂಡು ಮನೆಗೆ ಬಂದೆ. ಆವತ್ತು ಗೊತ್ತಾಯ್ತು, ಒಂದು ಕಣ್ಣು ಮುಚ್ಚಿದರೆ ಎದುರಿಂದ ಬರೋ ಗಾಡಿ ಎಷ್ಟು ದೂರದಲ್ಲಿದೆ ಅನ್ನೋದೇ ಅಂದಾಜಿಗೆ ಸಿಗೋದಿಲ್ಲ. ಅಪ್ಪ ಗಲಾಸಿಗೆ ಚಹಾ ಹಾಕುವಾಗ ಪ್ರತಿ ಸಲ ಕೆಟಲಿನ ಮೂತಿಯನ್ನು ಗಲಾಸಿನ ಅಂಚಿಗೆ ಮುಟ್ಟಿಸಿಯೇ ಸುರಿಯುತ್ತಾನೆ. ಚಿಕ್ಕವನಿದ್ದಾಗಿಂದ ನೋಡಿದ್ದೆ. ಯಾಕೆ ಅಂತ ಮೂವತ್ತು ವರ್ಷವಾದ ಮೇಲೆ, ಆ ರಸ್ತೆಯಲ್ಲಿ ತಿಳಿಯಿತು.

ರಾತ್ರಿ ಹೊತ್ತಿಗೆ ಕಣ್ಣು ಕೆಂಡದಂತಾಗಿತ್ತು. ರೆಪ್ಪೆ ಮಿಟುಕಿಸಿದಾಗಲೆಲ್ಲ ಒಳಗೆ ಮರಳು ಕಾಗದ ಉಜ್ಜಿದಂತೆ. ಫ್ರಿಜ್ಜಿನ ಬಾಗಿಲಲ್ಲಿ ಒಂದು ಹನಿ ಬಾಟಲಿ ಇತ್ತು. ಹಿಂದಿನ ವರ್ಷ ಕಣ್ಣಿನ ಅಲರ್ಜಿಗೆ ಬೆಂಗಳೂರಲ್ಲಿ ಬರೆದುಕೊಟ್ಟಿದ್ದು, ಅರ್ಧ ಉಳಿದಿತ್ತು. ಆಗ ಎರಡು ದಿನದಲ್ಲಿ ಕೆಂಪು ಇಳಿಸಿದ ಜಾದೂ ಔಷಧಿ. ಮುಚ್ಚಳ ತಿರುವಿ, ತಲೆ ಹಿಂದಕ್ಕೆ ಹಾಕಿದೆ. ಅಷ್ಟರಲ್ಲಿ ಅಪ್ಪ ಬಂದು ಆ ಬಾಟಲಿ ಕಸಿದುಕೊಂಡ.

“ಏನಿದು?”

“ಹನಿ. ಹೋದ ವರ್ಷದ್ದು. ಕೆಂಪ ಇಳೀತದ ಅಪ್ಪಾ.”

“ಇಳೀತದ. ನಂದೂ ಇಳದಿತ್ತು,” ಅಂದು ಅದನ್ನ ಹಿತ್ತಲಿಗೆ ಎಸೆದುಬಿಟ್ಟ.

ಅಪ್ಪ ಸಿಟ್ಟು ಮಾಡೋದು ಕಡಿಮೆ. ಅವ್ವ ಅಡುಗೆ ಮನೆಯಿಂದ ಬಂದು ಸುಮ್ಮನೆ ನಿಂತಳು. ನಾನೂ ಸುಮ್ಮನಾದೆ. ಆಮೇಲೆ ಅಪ್ಪ ಕಟ್ಟೆ ಮೇಲೆ ಕೂತು, ಇಷ್ಟು ವರ್ಷ ನನಗೆ ಹೇಳದೇ ಇದ್ದದ್ದನ್ನು ಹೇಳಿದ.

ಅಪ್ಪನ ಎಡಗಣ್ಣಿನ ಕರಿಗುಡ್ಡೆಯ ಮೇಲೆ ಹಾಲಿನ ಬಣ್ಣದ ಕಲೆ ಇದೆ. ಊರಲ್ಲಿ ಅದಕ್ಕೆ ‘ಕಣ್ಣಾಗ ಹೂ ಬಿದ್ದೈತಿ’ ಅಂತಾರೆ. ಹೂ ಅನ್ನೋ ಚೆಂದದ ಶಬ್ದ ಇದ್ದುದಕ್ಕೋ ಏನೋ, ಅದು ಹುಟ್ಟಿನಿಂದ ಬಂದದ್ದು ಅಂತಲೇ ನಾನು ತಿಳಿದಿದ್ದೆ. ಹಾಗಲ್ಲ. 1997ರ ಸುಗ್ಗಿ. ನನಗಾಗ ಆರು ವರ್ಷ. ಕಣದಲ್ಲಿ ಭತ್ತ ತೂರುತ್ತಿದ್ದಾಗ ಗಾಳಿ ದಿಕ್ಕು ಬದಲಿಸಿ ಒಂದು ಸುಂಕು ಅಪ್ಪನ ಕಣ್ಣಿಗೆ ಹೊಕ್ಕಿತು. ರಾಶಿ ಬಿಟ್ಟು ಯಾರು ಆಸ್ಪತ್ರೆಗೆ ಹೋಗ್ತಾರೆ? ಮೊದಲು ಎಣ್ಣೆ ಬಿಟ್ಟರು. ಆಮೇಲೆ ಎದೆಹಾಲು ಹಿಂಡಿಸಿಕೊಂಡರು. ಮೂರನೇ ದಿನ ಯಾರೋ ಒಂದು ಹನಿ ತಂದುಕೊಟ್ಟರು.

“ಎರಡ ದಿನ ಭಾಳ ಆರಾಮ ಅನಸ್ತು. ಕೆಂಪ ಹೋತು, ನೋವ ಹೋತು. ಮತ್ತ ಕಣಕ್ಕ ಹೋದೆ. ಆರನೇ ದಿನ ಮುಂಜಾನೆ ಎದ್ರ ಕಣ್ಣಾಗ ಬಿಳಿ ಚುಕ್ಕಿ. ಹುಬ್ಬಳ್ಳಿಗೆ ಹೋಗೂದರಾಗ ಹನ್ನೆರಡ ದಿನ ಆಗಿತ್ತು. ಡಾಕ್ಟರ್ ಬಾಟ್ಲಿ ನೋಡಿ ಹಣಿ ಹಣಿ ಬಡಕೊಂಡ್ರು.”

ಮರುದಿನ ಮುಂಜಾನೆ ಮೊದಲ ಬಸ್ಸಿಗೆ ಅಪ್ಪನೇ ನನ್ನನ್ನು ಎಬ್ಬಿಸಿಕೊಂಡು ಹೊರಟ. 

ಆಸ್ಪತ್ರೆಯಲ್ಲಿ ಡಾಕ್ಟರು ಕಣ್ಣಿಗೆ ಕಿತ್ತಳೆ ಬಣ್ಣದ ದ್ರಾವಣ ಮುಟ್ಟಿಸಿ, ನೀಲಿ ಬೆಳಕು ಬಿಟ್ಟು ನೋಡಿದರು. ಕಾರ್ನಿಯಾ ಮೇಲೆ ಗೀರು ಬಿದ್ದಿದ್ದರೆ ಆ ಬೆಳಕಿನಲ್ಲಿ ಅದು ಹಸಿರಾಗಿ ಹೊಳೆಯುತ್ತದಂತೆ. ನನ್ನದು ಹೊಳೆಯಿತು. ಮೇಲಿನ ರೆಪ್ಪೆಯನ್ನು ಮಡಚಿ, ಒಳಗೆ ಅಂಟಿಕೊಂಡಿದ್ದ ರವದಿಯ ಚೂರು ತೆಗೆದು ತೋರಿಸಿದರು. ಸಾಸಿವೆ ಕಾಳಿಗಿಂತ ಚಿಕ್ಕದು. ಮಿಟುಕಿಸಿದಾಗಲೆಲ್ಲ ಗೀರುತ್ತಿದ್ದದ್ದು ಅದೇ.

“ಏನಾದ್ರೂ ಡ್ರಾಪ್ಸ್ ಹಾಕಿದ್ರಾ?”

“ಇಲ್ಲ ಮೇಡಮ್. ಅಪ್ಪ ಬಿಡಲಿಲ್ಲ.” ಫ್ರಿಜ್ಜಿನ ಕಥೆ ಹೇಳಿದೆ. ಬಾಟಲಿಯ ಮೇಲಿದ್ದ ಹೆಸರು ಫೋನಿನಲ್ಲಿ ಹುಡುಕಿ ತೋರಿಸಿದೆ. ಅದರಲ್ಲಿ ಡೆಕ್ಸಾಮೆಥಾಸೋನ್ ಅನ್ನೋ ಸ್ಟೀರಾಯ್ಡ್ ಇತ್ತು.

ಅವರು ಹೇಳಿದ್ದನ್ನ ನನ್ನ ಮಾತಲ್ಲಿ ಹೇಳ್ತೀನಿ, ಯಾಕಂದರೆ ಈ ಬರಹದಲ್ಲಿ ನೀವು ಇದೊಂದನ್ನೇ ನೆನಪಿಟ್ಟುಕೊಂಡರೂ ಸಾಕು. ಕಬ್ಬಿನ ಎಲೆ, ಭತ್ತದ ಹೊಟ್ಟು, ಬಿದಿರಿನ ಚೂರು, ಹಸಿ ಕಡ್ಡಿ, ಇಂಥ ಗಿಡದ ಭಾಗಗಳ ಮೇಲೆ ಶಿಲೀಂಧ್ರಗಳಿರುತ್ತವೆ. ಫ್ಯುಸೇರಿಯಂ, ಆಸ್ಪರ್ಜಿಲಸ್ ಅಂತ ಅವುಗಳ ಹೆಸರು. ಕಣ್ಣಿಗೆ ಗೀರು ಬಿದ್ದರೆ ಅವು ಆ ದಾರಿಯಲ್ಲಿ ಒಳಗೆ ಹೋಗಿ ಬೆಳೆಯಬಹುದು. ಅದೂ ಕೂಡಲೇ ಅಲ್ಲ, ಕೆಲವು ದಿನ ಕಳೆದ ಮೇಲೆ. ಸ್ಟೀರಾಯ್ಡ್ ಹನಿ ಹಾಕಿದರೆ ಉರಿಯೂತ ಕಡಿಮೆಯಾಗಿ ಕಣ್ಣು ಆರಾಮ ಅನ್ನಿಸುತ್ತೆ. ಆದರೆ ಅದು ಇಳಿಸಿದ್ದು ರೋಗವನ್ನಲ್ಲ, ರೋಗದ ಜೊತೆ ಕಣ್ಣು ಮಾಡುತ್ತಿದ್ದ ಜಗಳವನ್ನು. ಜಗಳ ಆಡೋರಿಲ್ಲದಾಗ ಶಿಲೀಂಧ್ರ ನಿಶ್ಚಿಂತೆಯಿಂದ ಹರಡುತ್ತೆ. ಆಮೇಲೆ ಅದಕ್ಕೆಂದೇ ಇರುವ ನಟಮೈಸಿನ್‌ನಂಥ ಹನಿಯನ್ನು ವಾರಗಟ್ಟಲೆ ಹಾಕಬೇಕು. ಗುಣವಾದರೂ ಕಲೆ ಉಳಿಯಬಹುದು. ಆ ಕಲೆಯೇ ನಮ್ಮೂರಿನ ‘ಹೂ’.

ಪಕ್ಕದಲ್ಲಿ ಅಪ್ಪ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. ಇಪ್ಪತ್ತೈದು ವರ್ಷ ಆದಮೇಲೆ ತನ್ನ ಕಣ್ಣಿಗೆ ಏನಾಯ್ತು ಅಂತ ಯಾರೋ ಪೂರ್ತಿ ಹೇಳಿದ್ದು ಅದೇ ಮೊದಲಿರಬೇಕು. “ಅಂದ್ರ ಹಣೇಬರಹ ಅಲ್ಲ ಅದು,” ಅಂದ. ಡಾಕ್ಟರು ಏನೂ ಹೇಳಲಿಲ್ಲ. ಅಪ್ಪನ ಇನ್ನೊಂದು ಕಣ್ಣನ್ನು ಪರೀಕ್ಷೆ ಮಾಡಿ, “ಅಜ್ಜಾರ, ಇರೋದು ಇದೊಂದು. ಮನಿ ಬಿಟ್ಟು ಹೊರಗ ಕಾಲಿಟ್ರ ಕನ್ನಡಕ ಇರಬೇಕು. ಗಾಜಿಂದಲ್ಲ, ಪಾಲಿಕಾರ್ಬೊನೇಟಿಂದು” ಅಂದರು.

ನನಗೆ ಆಂಟಿಬಯೋಟಿಕ್ ಹನಿ ಬರೆದುಕೊಟ್ಟು, ಎರಡು ದಿನ ಬಿಟ್ಟು ಮತ್ತೆ ಬರಲು ಹೇಳಿದರು. ಹೋದೆ. ಗೀರು ಮಾಯುತ್ತಿತ್ತು. ನನ್ನ ಪಾಲಿಗೆ ಕಥೆ ಅಲ್ಲಿಗೆ ಮುಗಿಯಿತು.

ಮುಗಿಯದೆ ಉಳಿದದ್ದು ಆ ‘ಪಾಲಿಕಾರ್ಬೊನೇಟ್’ ಅನ್ನೋ ಶಬ್ದ. ಸೈಕಲ್ ಓಡಿಸದೆ ಮನೆಯಲ್ಲಿ ಕೂತ ಎರಡು ವಾರ, ಎರಡನೇ ಕನ್ನಡಕ ತಗೊಳ್ಳುವ ಮುಂಚೆ, ಮೊದಲನೆಯದಕ್ಕೆ ಓದಬೇಕಿದ್ದದ್ದನ್ನೆಲ್ಲ ಓದಿದೆ.

ಟೂರ್ ಡಿ ಫ್ರಾನ್ಸ್ ಶುರುವಾದ ಮೊದಲ ವರ್ಷಗಳ ಫೋಟೋಗಳನ್ನು ನೋಡಿ. ಆಗ ಡಾಂಬರು ಇಲ್ಲದ ರಸ್ತೆಗಳು. ಸವಾರರ ಕೊರಳಲ್ಲೋ ಹಣೆ ಮೇಲೋ ದೊಡ್ಡ ಗಾಗಲ್ಸ್ ಕಾಣುತ್ತವೆ. ಅಂದರೆ ಸೈಕಲ್ಲಿಗೆ ಕನ್ನಡಕ ಬಂದದ್ದು ಬಿಸಿಲಿಗಿಂತ ಮುಂಚೆ ಧೂಳಿಗೆ. 1984ರಲ್ಲಿ ಓಕ್ಲಿ ಕಂಪನಿ ಮುಖವನ್ನೇ ಸುತ್ತುವಂಥ ‘ಐಶೇಡ್ಸ್’ ತಂದು, 1986ರಲ್ಲಿ ಟೂರ್ ಗೆದ್ದ ಗ್ರೆಗ್ ಲೆಮಾಂಡ್‌ನಂಥವರು ಅದನ್ನು ಹಾಕಿಕೊಂಡ ಮೇಲೆ ಅದು ಫ್ಯಾಷನ್ನೂ ಆಯಿತು. ನಮ್ಮಂಥವರಿಗೆ ಫ್ಯಾಷನ್ ಮಾತ್ರ ಬಂದು ಮುಟ್ಟಿತು, ಧೂಳಿನ ವಿಷಯ ದಾರಿಯಲ್ಲೇ ಉಳಿಯಿತು.

ಮೊದಲನೆಯ ಪ್ರಶ್ನೆ, ಗಾಜು ಯಾವುದರದ್ದು? ಪಾಲಿಕಾರ್ಬೊನೇಟನ್ನು 1953ರಲ್ಲಿ ಜರ್ಮನಿಯ ಬೇಯರ್ ಕಂಪನಿಯ ಹೆರ್ಮನ್ ಶ್ನೆಲ್ ಮತ್ತು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ ಡೇನಿಯಲ್ ಫಾಕ್ಸ್ ಬೇರೆ ಬೇರೆಯಾಗಿಯೇ ಕಂಡುಹಿಡಿದರು. ಪೊಲೀಸರು ಕಲ್ಲು ತೂರಾಟದಲ್ಲಿ ಹಿಡಿಯುವ ಪಾರದರ್ಶಕ ಗುರಾಣಿಗೆ ಬಳಸುವ ವಸ್ತು ಇದೇ. ಕಲ್ಲು ಬಡಿದರೆ ಒಡೆದು ಚೂರಾಗಿ ಕಣ್ಣಿಗೆ ನುಗ್ಗೋದಿಲ್ಲ. ಫ್ರೇಮಿನ ಒಳಗಡೆ ‘ಇಎನ್ 166’ ಜೊತೆಗೆ ‘ಎಫ್’ ಅಕ್ಷರ ಇದ್ದರೆ, 6 ಮಿಲಿಮೀಟರಿನ ಉಕ್ಕಿನ ಗುಂಡನ್ನು ಸೆಕೆಂಡಿಗೆ 45 ಮೀಟರ್ ವೇಗದಲ್ಲಿ ಹೊಡೆದು ಪರೀಕ್ಷೆ ಮಾಡಿದ್ದಾರೆ ಅಂತ ಅರ್ಥ. ಅಂದರೆ ಗಂಟೆಗೆ 162 ಕಿಲೋಮೀಟರ್! ಅಮೆರಿಕದ ಗುರುತು ‘ಝಡ್ 87+’. ಪಾಲಿಕಾರ್ಬೊನೇಟಿನ ದೋಷ ಅಂದರೆ ಬೇಗ ಗೀರು ಬೀಳೋದು. ಧೂಳು ಕೂತಿದ್ದಾಗ ಟೀ ಶರ್ಟಿನಿಂದ ಒರೆಸಿದರೆ ಅದರ ಆಯುಷ್ಯ ಮುಗೀತು. ಮೊದಲು ನೀರು ಬಿಡಿ, ಆಮೇಲೆ ಮೆತ್ತನೆ ಬಟ್ಟೆ.

ಎರಡನೆಯದು, ಕಪ್ಪಾಗಿದ್ದಷ್ಟೂ ಕಣ್ಣಿಗೆ ರಕ್ಷಣೆ ಅನ್ನೋ ನಂಬಿಕೆ. ನಾನೂ ನಂಬಿದ್ದೆ. ಅತಿನೇರಳೆ ಕಿರಣಕ್ಕೂ ಬಣ್ಣಕ್ಕೂ ಸಂಬಂಧ ಇಲ್ಲ. ಬಣ್ಣವೇ ಇಲ್ಲದ ಪಾಲಿಕಾರ್ಬೊನೇಟು ಆ ಕಿರಣಗಳನ್ನು ಹೆಚ್ಚೂಕಡಿಮೆ ಪೂರ್ತಿ ತಡೆಯುತ್ತೆ. ‘ಯುವಿ 400’ ಅಂತ ಬರೆದಿರೋದು ಅದಕ್ಕೇ. ಆ ತಡೆ ಇಲ್ಲದ ಅಗ್ಗದ ಕಪ್ಪು ಗಾಜು ಹಾಕಿಕೊಂಡರೆ, ಕತ್ತಲೆ ಅಂದುಕೊಂಡು ಕಣ್ಣಿನ ಪಾಪೆ ಹಿಗ್ಗುತ್ತೆ, ಕಿರಣ ಇನ್ನೂ ಹೆಚ್ಚು ಒಳಗೆ ಹೋಗುತ್ತೆ.

ಮೂರನೆಯದು, ನನ್ನನ್ನು ಆಸ್ಪತ್ರೆಗೆ ಕಳಿಸಿದ್ದು. ಗಾಜು ಎಷ್ಟು ಬೆಳಕು ಬಿಡುತ್ತೆ ಅನ್ನೋದರ ಮೇಲೆ 0ಯಿಂದ 4ರ ತನಕ ದರ್ಜೆಗಳಿವೆ. 0 ಅಂದರೆ ನೂರರಲ್ಲಿ 80ಕ್ಕಿಂತ ಹೆಚ್ಚು ಬೆಳಕು ಒಳಗೆ ಬಿಡುತ್ತೆ. 1ನೇ ದರ್ಜೆ 43ರಿಂದ 80. 2ನೆಯದು 18ರಿಂದ 43. 3ನೆಯದು 8ರಿಂದ 18 ಮಾತ್ರ. 4ನೆಯದನ್ನು ಹಾಕಿಕೊಂಡು ಗಾಡಿಯನ್ನೇ ಓಡಿಸಬಾರದು. ನನ್ನ ನೀಲಿ ಕನ್ನಡಿ 3ನೇ ದರ್ಜೆಯದ್ದು. ಮುಂಡಗೋಡದ ಬಯಲಿಗೆ ಸರಿ. ಜೋಯಿಡಾ ರಸ್ತೆಗೆ, ಅದೂ ಮಳೆಗಾಲದ ಮೋಡದಲ್ಲಿ, ಅದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡಂತೆ. ಅದಕ್ಕೇ ತೆಗೆಯುತ್ತಿದ್ದೆ. ಪೋಲರೈಸ್ಡ್ ಬೇರೆ. ನೀರಿನ ಮೇಲೆ ಹೊಳೆಯೋ ಬೆಳಕನ್ನ ಕತ್ತರಿಸೋದು ದೋಣಿಯವರಿಗೆ, ಮೀನು ಹಿಡಿಯೋರಿಗೆ ಅನುಕೂಲ. ನನಗೆ ಮಾತ್ರ ರಸ್ತೆ ಒದ್ದೆಯಾಗಿದೆಯೋ, ಎಣ್ಣೆ ಚೆಲ್ಲಿದೆಯೋ ಅಂತ ಹೇಳೋದೇ ಆ ಹೊಳಪು. ಕೆಲವು ಕೋನದಲ್ಲಿ ಫೋನಿನ ಪರದೆಯೂ ಕಪ್ಪಾಗಿ ಕಾಣುತ್ತಿತ್ತು.

ಹಾಗಾದರೆ ಬಿಸಿಲಿಗೆ ತಾನೇ ಕಪ್ಪಾಗಿ, ನೆರಳಿಗೆ ತಾನೇ ತಿಳಿಯಾಗುವ ಫೋಟೋಕ್ರೋಮಿಕ್ ಒಳ್ಳೆಯದಾ? ಒಳ್ಳೆಯದೇ, ಆದರೆ ಅದೂ ಜಾದೂ ಅಲ್ಲ. ಕಪ್ಪಾಗೋಕೆ ಅರ್ಧ ನಿಮಿಷ ಸಾಕು, ತಿಳಿಯಾಗೋಕೆ ಕೆಲವು ನಿಮಿಷ ಬೇಕು. ದಾಂಡೇಲಿ ರಸ್ತೆಯಲ್ಲಿ ಹತ್ತು ಸೆಕೆಂಡಿಗೊಮ್ಮೆ ಬಿಸಿಲು ನೆರಳು ಬದಲಾಗುವಾಗ ಅದು ಹಿಂದೆ ಬೀಳುತ್ತೆ. ಏಪ್ರಿಲ್‌ನ ಸೆಖೆಯಲ್ಲಿ ಪೂರ್ತಿ ಕಪ್ಪಾಗೋದೂ ಇಲ್ಲ. ಕೊನೆಗೆ ನಾನು ಲೆಕ್ಕ ಹಾಕಿದ್ದು ಹೀಗೆ: ನನ್ನ ಸವಾರಿಯಲ್ಲಿ ಅತಿ ಹೆಚ್ಚು ಬಿಸಿಲು ಎಲ್ಲಿ ಅಂತ ಕೇಳಬಾರದು, ಅತಿ ಕಡಿಮೆ ಬೆಳಕು ಎಲ್ಲಿ ಅಂತ ಕೇಳಬೇಕು. ಬಿಸಿಲು ಜಾಸ್ತಿಯಾದರೆ ಕಣ್ಣು ಕಿರಿದು ಮಾಡಿ, ಟೋಪಿ ಅಂಚು ಇಳಿಸಿ ಓಡಿಸಬಹುದು. ಬೆಳಕು ಕಡಿಮೆಯಾದರೆ ಕನ್ನಡಕ ತೆಗೆಯಲೇಬೇಕಾಗುತ್ತೆ. ತೆಗೆದ ಕನ್ನಡಕ ಎಷ್ಟೇ ದುಬಾರಿಯಾಗಿದ್ದರೂ ಅದು ಕಾಪಾಡೋದು ಕಾಲರನ್ನು. ಆದ್ದರಿಂದ 1ನೇ ದರ್ಜೆಯ, ತಿಳಿ ಹಳದಿ ಗಾಜಿನದ್ದು ತಗೊಂಡೆ. ಅದರ ಜೊತೆ ಬದಲಾಯಿಸಿ ಹಾಕಿಕೊಳ್ಳೋಕೆ ಒಂದು ಪೂರ್ತಿ ತಿಳಿ ಗಾಜು ಬಂತು. ಸಂಜೆ ಹೊತ್ತಿಗೆ, ಮೊದಲ ಮಳೆ ಬಿದ್ದ ದಿನ ರೆಕ್ಕೆಯ ಗೆದ್ದಲು ಏಳುವಾಗ, ಅದು ಬೇಕೇ ಬೇಕು.

ನಾಲ್ಕನೆಯದು, ಅಪ್ಪ ಹೇಳಿದ ‘ಬಾಜೂ’. ಕಸ ಬರೋದು ಎದುರಿನಿಂದ ಮಾತ್ರ ಅಲ್ಲ. ಹುಬ್ಬಿನ ಮೇಲಿಂದ, ಕೆನ್ನೆಯ ಕೆಳಗಿಂದ, ಕಿವಿಯ ಕಡೆಯಿಂದಲೂ ಬರುತ್ತೆ. ಹಾಗಂತ ಪೂರ್ತಿ ಮುಚ್ಚಿದರೆ ಚಡಾವಿನಲ್ಲಿ ಬೆವರಿಗೆ ಮಂಜು ಹಿಡಿದು ಮತ್ತೆ ತೆಗೆಯಬೇಕಾಗುತ್ತೆ. ಮುಖಕ್ಕೆ ಸುತ್ತಿಕೊಂಡಿರಬೇಕು, ಮೇಲೆ ಗಾಳಿಯಾಡಲು ಸಣ್ಣ ಸಂದು ಇರಬೇಕು. ನಾನು ಅಂಗಡಿಯಲ್ಲಿ ಮಾಡಿದ ಪರೀಕ್ಷೆ ಎರಡು. ಒಂದು, ಹೆಲ್ಮೆಟ್ ಹಾಕಿಕೊಂಡು, ಹ್ಯಾಂಡಲ್ ಹಿಡಿದವರ ಹಾಗೆ ಬಾಗಿ, ಕತ್ತು ಎತ್ತಿ ದೂರ ನೋಡೋದು. ಫ್ರೇಮಿನ ಮೇಲಂಚು ರಸ್ತೆಗೆ ಅಡ್ಡ ಬಂದರೆ ಬೇಡ. ಎರಡು, ಟೇಬಲ್ ಫ್ಯಾನಿನ ಮುಂದೆ ನಿಂತು ಮುಖವನ್ನು ನಿಧಾನಕ್ಕೆ ಆಚೀಚೆ ತಿರುಗಿಸೋದು. ಯಾವ ಕಡೆಯಿಂದ ಗಾಳಿ ಕಣ್ಣಿಗೆ ತಗಲುತ್ತೋ, ಕಸವೂ ಆ ಕಡೆಯಿಂದಲೇ ಬರುತ್ತೆ. ಅಂಗಡಿಯವನು ವಿಚಿತ್ರವಾಗಿ ನೋಡಿದ. ನೋಡಲಿ.

ನಿಮಗೆ ಪವರ್ ಇದ್ದರೆ ಪಾಲಿಕಾರ್ಬೊನೇಟಿನಲ್ಲೇ ಪವರ್ ಹಾಕಿಸಿಕೊಳ್ಳಬಹುದು, ಇಲ್ಲವೇ ಒಳಗಡೆ ಸಿಕ್ಕಿಸುವ ಪುಟ್ಟ ಫ್ರೇಮು ಸಿಗುತ್ತೆ. ಕಾಂಟ್ಯಾಕ್ಟ್ ಲೆನ್ಸಿನವರು ಬಿಚ್ಚುಗಣ್ಣಲ್ಲಿ ಧೂಳಿನ ರಸ್ತೆಗೆ ಹೋಗಬೇಡಿ. ಲೆನ್ಸ್ ಹಾಕಿಕೊಂಡೇ ದಾಂಡೇಲಿಯಲ್ಲಿ ರಾಫ್ಟಿಂಗ್‌ಗೆ ಇಳಿಯೋರಿಗೂ ಇದೇ ಮಾತು. ಹೊಳೆ ನೀರೂ ಲೆನ್ಸೂ ಜೊತೆಯಲ್ಲಿ ಕಣ್ಣಿಗೆ ಒಳ್ಳೆಯದಲ್ಲ.

ಈ ಜ್ಞಾನವೆಲ್ಲ ಬಂದ ಮೇಲೆ ನನಗೆ ಸಮಾಜ ಸೇವೆಯ ಹುಚ್ಚು ಹತ್ತಿತು. ಹುಬ್ಬಳ್ಳಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ವೆಲ್ಡಿಂಗ್, ಗ್ರೈಂಡಿಂಗ್ ಕೆಲಸದವರು ಹಾಕುವಂಥ, ಪಕ್ಕದಲ್ಲೂ ಮುಚ್ಚಿರುವ ತಿಳಿ ಕನ್ನಡಕಗಳಿದ್ದವು. ಒಂದಕ್ಕೆ ನೂರ ಇಪ್ಪತ್ತು ರೂಪಾಯಿ. ಆರು ತಂದೆ. ನಮ್ಮ ಹೊಲದಲ್ಲಿ ಗೋವಿನಜೋಳದ ಮಷೀನ್ ಬಂದ ದಿನ ಕೆಲಸದವರಿಗೆ ಹಂಚಿ ಭಾಷಣ ಮಾಡಿದೆ. ಈಗ ಯಾರೂ ಗಾಳಿಗೆ ತೂರೋದಿಲ್ಲ, ಮಷೀನೇ ಕಾಳು ಬಿಡಿಸುತ್ತೆ. ಆದರೆ ಅದು ಉಗುಳೋ ಹೊಟ್ಟು, ಧೂಳು ಹಳೆಯ ಕಣಕ್ಕಿಂತ ಹತ್ತು ಪಾಲು.

ಮಧ್ಯಾಹ್ನ ಬುತ್ತಿ ತಗೊಂಡು ಹೋಗಿ ನೋಡಿದರೆ ಆರರಲ್ಲಿ ಎರಡು ರುಮಾಲಿನ ಮೇಲಿದ್ದವು. ಒಂದು ಟ್ರ್ಯಾಕ್ಟರಿನ ಸ್ಟೇರಿಂಗಿಗೆ ನೇತಾಡುತ್ತಿತ್ತು. ಒಂದನ್ನು ಯಾರದೋ ಮಗು ಹಾಕಿಕೊಂಡು ಓಡಾಡುತ್ತಿತ್ತು. ನನಗೆ ಸಿಟ್ಟು ಬಂತು. “ಯಾಕ ಅಕ್ಕಾ, ತಗದೀರಿ?” ಅಂತ ಒಬ್ಬಾಕೆಯನ್ನು ಕೇಳಿದೆ.

“ಬೆವರ ಇಳದು ಮಂಜ ಹಿಡೀತದ ತಮ್ಮಾ. ಏನೂ ಕಾಣವಲ್ದು. ಕಾಣಲಾರದ ಕೈ ಮಷೀನಿನಾಗ ಹೋದ್ರ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾಣೋದಿಲ್ಲ ಅಂತಲೇ ತಾನೇ ನಾನೂ ಕಾಡಿನಲ್ಲಿ ತೆಗೆಯುತ್ತಿದ್ದದ್ದು? ಆಕೆಯದು ಅಸಡ್ಡೆ ಅಲ್ಲ. ನಾನು ತಂದದ್ದೇ ಅವರ ಕೆಲಸಕ್ಕೆ ಸರಿ ಇರಲಿಲ್ಲ. ಎರಡು ಸಾವಿರದ ನಾನೂರು ಕೊಟ್ಟು ನಾನು ಮಾಡಿದ ತಪ್ಪನ್ನೇ ನೂರ ಇಪ್ಪತ್ತು ರೂಪಾಯಿಗೆ ಅವರ ಮೂಗಿನ ಮೇಲೆ ಕೂರಿಸಿದ್ದೆ. ಮುಂದಿನ ವಾರ ಮೇಲೆ ಗಾಳಿ ಕಿಂಡಿ ಇರುವ, ಒಳಗೆ ಮಂಜು ಹಿಡಿಯದ ಲೇಪ ಇರುವ ಎರಡನ್ನು ಹುಡುಕಿ ತಂದೆ. ಒಂದಕ್ಕೆ ಮುನ್ನೂರು ಬಿತ್ತು. ಅದೇ ಅಕ್ಕನಿಗೆ ಒಂದು ಕೊಟ್ಟು, ಸಂಜೆ ಹೇಗಿತ್ತು ಹೇಳು ಅಂದೆ. “ಇದು ಅಡ್ಡಿಲ್ಲ,” ಅಂದಳು. ನಮ್ಮ ಕಡೆ ಅದಕ್ಕಿಂತ ದೊಡ್ಡ ಮೆಚ್ಚುಗೆ ಇಲ್ಲ.

ಅಪ್ಪನದು ಇನ್ನೊಂದು ಕಥೆ. ಡಾಕ್ಟರು ಬರೆದುಕೊಟ್ಟ ಹಾಗೆ ಪವರ್ ಹಾಕಿಸಿದ ಪಾಲಿಕಾರ್ಬೊನೇಟ್ ಕನ್ನಡಕ ಮಾಡಿಸಿಕೊಟ್ಟೆ. ಅದನ್ನ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನ ದೇವರ ಮಾಡದ ಪಕ್ಕ ಇಟ್ಟ. ಮದುವೆ, ಬ್ಯಾಂಕು, ತಾಲೂಕು ಆಫೀಸು ಇದ್ದ ದಿನ ಹಾಕಿಕೊಳ್ಳೋದು. “ಹೊಲಕ್ಕ ಯಾರರ ಚಷ್ಮಾ ಹಾಕ್ಕೊಂಡ ಹೋಗ್ತಾರೇನು? ಮಂದಿ ನಗ್ತಾರ” ಅಂತ ಅವನ ವಾದ. ನಾನು ಎರಡು ತಿಂಗಳು ಜಗಳಾಡಿದೆ, ಆಮೇಲೆ ಬಿಟ್ಟೆ.

ಹೋದ ಸುಗ್ಗಿಯಲ್ಲಿ ಒಂದು ಮುಂಜಾನೆ ಸವಾರಿಗೆ ಹೊರಡೋಣ ಅಂತ ನೋಡಿದರೆ ನನ್ನ ಹಳದಿ ಕನ್ನಡಕ ಗೂಟದಲ್ಲಿರಲಿಲ್ಲ. ಮನೆಯೆಲ್ಲ ಹುಡುಕಿದೆ. ಅವ್ವ, “ನಿಮ್ಮಪ್ಪನ್ನ ಕೇಳು” ಅಂದಳು. ಹಿತ್ತಲ ದಾಟಿ ಗದ್ದೆಗೆ ಹೋದೆ. ಅಪ್ಪ ಬಣವಿಯ ಮೇಲೆ ನಿಂತಿದ್ದ. ಕೆಳಗಿಂದ ಇಬ್ಬರು ಹುಲ್ಲಿನ ಸೂಡು ಎಸೆಯುತ್ತಿದ್ದರು, ಮೇಲೆ ಅಪ್ಪ ಹಿಡಿದು ಒಟ್ಟುತ್ತಿದ್ದ. ಹುಲ್ಲಿನ ಧೂಳು ಬಿಸಿಲಲ್ಲಿ ಹೊಗೆಯ ಹಾಗೆ ಎದ್ದಿತ್ತು. ತಲೆಗೆ ಟವೆಲ್, ಮೈಗೆ ಹರಿದ ಬನಿಯನ್ನು, ಮುಖಕ್ಕೆ ನನ್ನ ರೇಸಿಂಗ್ ಕನ್ನಡಕ.

“ಅಪ್ಪಾ, ಅದು ನಂದು.”

“ಗೊತ್ತೈತಿ. ಇದು ಛಲೋ ಐತಿ. ಬಾಜೂ ಮುಚ್ಚೇತಿ, ಬೆಳಕೂ ಕಾಣ್ತದ,” ಅಂದ. ಮೇಲಿಂದಲೇ, ಕೈ ಕೆಲಸ ನಿಲ್ಲಿಸದೆ. “ನೀ ಇನ್ನೊಂದ ತಗೊ. ಎಂಟ್ನೂರ ಅಲ್ಲೇನು?”

ಹೌದು ಅಪ್ಪಾ, ಎಂಟುನೂರೇ ಅಂದೆ. ಅವತ್ತು ಸೈಕಲ್ ಹೊರಗೆ ತೆಗೆಯಲಿಲ್ಲ. ಸೂಡು ಎಸೆಯುವವರ ಜೊತೆ ಕೈ ಹಾಕಿದೆ, ನೂರ ಇಪ್ಪತ್ತು ರೂಪಾಯಿಯ ಕನ್ನಡಕ ಹಾಕಿಕೊಂಡು. ಹತ್ತು ನಿಮಿಷಕ್ಕೆ ಮಂಜು ಹಿಡಿಯಿತು.